ಸ್ಟೇಟ್ ಬ್ಯಾಂಕಿನಿಂದ ಹತ್ತು ನಿಮಿಷ: ಮಂಗಳೂರಿನ ಹಳೆ ಬಂದರಿನ ಬಗ್ಗೆ ಒಂದು ಬಹಿರಂಗ ಪತ್ರ

ಮಂಗಳೂರಿನ ನಕ್ಷೆಯ ಮೇಲೆ ಗೆರೆ ಎಳೆಯುವ ಅಧಿಕಾರಿಗಳಿಗೆ, ಇಂಜಿನಿಯರರಿಗೆ ನಮಸ್ಕಾರ.

ನಮ್ಮ ಊರಿನ ಯಾವ ಮೂಲೆಯಲ್ಲಿ ಸಿಟಿ ಬಸ್ ಹತ್ತಿದರೂ ಕಂಡಕ್ಟರ್ ಕೂಗುವುದು ಒಂದೇ: "ಸ್ಟೇಟ್ ಬ್ಯಾಂಕ್, ಸ್ಟೇಟ್ ಬ್ಯಾಂಕ್!" ಅಲ್ಲಿ ಬಸ್ ಖಾಲಿಯಾಗುತ್ತದೆ. ಇಳಿದವರಲ್ಲಿ ಕೆಲವರು ಊರ ನಡುವಿನ ಹಂಪನಕಟ್ಟೆಯ ಕಡೆ ಏರು ಹತ್ತುತ್ತಾರೆ, ಕೆಲವರು ಇನ್ನೊಂದು ಬಸ್ಸಿಗೆ ಓಡುತ್ತಾರೆ. ಪಶ್ಚಿಮಕ್ಕೆ ತಿರುಗುವವರು ಕಡಿಮೆ. ತಿರುಗಿದರೆ ಹತ್ತು ನಿಮಿಷದಲ್ಲಿ ಹೊಳೆ ಸಿಗುತ್ತದೆ. ಗುರುಪುರ ಹೊಳೆ, ಅಂದರೆ ಫಲ್ಗುಣಿ. ಈ ಊರು ಹುಟ್ಟಿದ್ದೇ ಅದರ ದಂಡೆಯಲ್ಲಿ. ಮೊನ್ನೆ ನಮ್ಮ ಮನೆಗೆ ಬಂದಿದ್ದ ಕಾಲೇಜು ಹುಡುಗನ ಹತ್ತಿರ, "ಸ್ಟೇಟ್ ಬ್ಯಾಂಕಿಂದ ಹೊಳೆಗೆ ಹೇಗೆ ಹೋಗುವುದು ಗೊತ್ತುಂಟಾ?" ಎಂದು ಕೇಳಿದೆ. "ಪಣಂಬೂರು ಬೀಚಿಗಾ ಅಂಕಲ್?" ಎಂದ. ನಾಲ್ಕು ವರ್ಷದಿಂದ ದಿನಾ ಅಲ್ಲೇ ಬಸ್ ಬದಲಾಯಿಸುವ ಹುಡುಗ ಅವನು.

ಇತ್ತೀಚೆಗೆ ಹೊಳೆಯ ದಂಡೆಯನ್ನು ಚಂದ ಮಾಡುವ ಮಾತು ಮತ್ತೆ ಮತ್ತೆ ಕೇಳುತ್ತಿದೆ. ಕಂಪ್ಯೂಟರಿನಲ್ಲಿ ಮಾಡಿದ ಚಿತ್ರಗಳನ್ನೂ ನೋಡಿದ್ದೇನೆ. ಅದರಲ್ಲಿ ನೀರು ನೀಲಿ, ಹುಲ್ಲು ಹಸಿರು, ಜನ ಎಲ್ಲರೂ ಬೆಳ್ಳಗೆ. ಒಂದು ದೋಣಿಯೂ ಇಲ್ಲ. ನಾನು ಈ ಪತ್ರ ಬರೆಯಲು ಆ ಚಿತ್ರವೇ ಕಾರಣ.

ನನ್ನ ಅಪ್ಪ ಬಂದರಿನ ಒಂದು ಮಂಡಿಯಲ್ಲಿ ರೈಟರ್ ಆಗಿದ್ದರು. ರೈಟರ್ ಅಂದರೆ ಗುಮಾಸ್ತ, ಕಥೆ ಬರೆಯುವವರಲ್ಲ. ಕೊಬ್ಬರಿ, ಅಡಿಕೆ, ಒಣಮೆಣಸು, ಹುರಿಹಗ್ಗ, ಬೇಸಿಗೆಯಲ್ಲಿ ಒಣಮೀನು. ಶನಿವಾರ ಅರ್ಧ ದಿನ ಶಾಲೆ ಮುಗಿಸಿ ಅಪ್ಪನಿಗೆ ಬುತ್ತಿ ತೆಗೆದುಕೊಂಡು ಹೋಗುವುದು ನನ್ನ ಕೆಲಸ. ಹಂಪನಕಟ್ಟೆಯಿಂದ ಭವಂತಿ ಬೀದಿಗಾಗಿ ಇಳಿದು, ರಥಬೀದಿಯ ಬದಿಯಿಂದ ಅಜೀಜುದ್ದೀನ್ ರಸ್ತೆ ಸೇರಿ, ಅಲ್ಲಿಂದ ಧಕ್ಕೆಗೆ, ಅಂದರೆ ದೋಣಿ, ಹಡಗು ನಿಲ್ಲುವ ಕಟ್ಟೆಗೆ. ದಾರಿಯುದ್ದಕ್ಕೂ ಇಳಿಜಾರು. ಹೋಗುವಾಗ ಓಟ, ಬರುವಾಗ ಏದುಸಿರು. ಆ ದಾರಿಯಲ್ಲಿ ಗೋಣಿ ಹೊತ್ತವರಿಗೆ ದಾರಿ ಬಿಡುವುದು ಒಂದೇ ಕಾನೂನು. ಕಾರಿನವನೂ ಬಿಡಬೇಕಿತ್ತು.

ಅಪ್ಪ ಬೈಯುತ್ತಿದ್ದದ್ದು ತುಳುವಿನಲ್ಲಿ. ಧಣಿಗಳ ಹತ್ತಿರ ಕೊಂಕಣಿ. ಪಕ್ಕದ ಅಂಗಡಿಯವರ ಕ್ಷೇಮ ಸಮಾಚಾರ ಬ್ಯಾರಿ ಭಾಷೆಯಲ್ಲಿ. ಮಂಜಿಯ ತಾಂಡೇಲ, ಅಂದರೆ ಹಡಗು ನಡೆಸುವ ಮುಖ್ಯಸ್ಥ, ಬಂದರೆ ಮಲಯಾಳ, ಇಲ್ಲವೇ ಕಚ್ಛಿಯವರಾದರೆ ಕೈಸನ್ನೆ ಬೆರೆಸಿದ ಹಿಂದಿ. ಲೆಕ್ಕ ಮಾತ್ರ ಕನ್ನಡದಲ್ಲಿ. ಇದನ್ನು ಅಪ್ಪ ದೊಡ್ಡ ವಿಷಯ ಅಂದುಕೊಂಡವರೇ ಅಲ್ಲ. ಬಂದರಿನಲ್ಲಿ ಎಲ್ಲರೂ ಹಾಗೇ. ಈ ಊರಿಗೇ ಕುಡ್ಲ, ಕೊಡಿಯಾಲ, ಮೈಕಾಲ, ಮಂಗಳಾಪುರಂ ಅಂತ ಭಾಷೆಗೊಂದು ಹೆಸರು. ಅಷ್ಟೂ ಹೆಸರು ಒಂದೇ ಹೊತ್ತಿಗೆ ಕಿವಿಗೆ ಬೀಳುವ ಜಾಗ ಆ ಧಕ್ಕೆ ಒಂದೇ ಆಗಿತ್ತು.

ಮಂಜಿ ಅಂದರೆ ಏನೆಂದು ಗೊತ್ತಿಲ್ಲದವರಿಗೆ ಹೇಳಬೇಕು. ಮರದ ದೊಡ್ಡ ಹಡಗು. ಮೊದಲು ಹಾಯಿ, ಆಮೇಲೆ ಇಂಜಿನ್ ಬಂತು. ದೊಡ್ಡ ಸ್ಟೀಮರುಗಳು ಹಳೆ ಬಂದರಿನ ಒಳಗೆ ಬರಲು ಆಗುತ್ತಿರಲಿಲ್ಲ. ಗುರುಪುರ ಹೊಳೆ ಕೂಳೂರಿನ ಹತ್ತಿರ ಸಮುದ್ರಕ್ಕೆ ಇನ್ನೇನು ಸೇರಿತು ಅನ್ನುವಾಗ ಬೆಂಗ್ರೆಯ ಮರಳಿನ ಪಟ್ಟಿ ಅಡ್ಡ ಬರುತ್ತದೆ. ಹೊಳೆ ದಕ್ಷಿಣಕ್ಕೆ ತಿರುಗಿ, ಸಮುದ್ರದ ಜೊತೆಜೊತೆಗೇ ಹರಿದು, ನೇತ್ರಾವತಿಯನ್ನು ಸೇರಿಕೊಂಡು ಅಳಿವೆ ಬಾಗಿಲಿನಲ್ಲಿ ಹೊರಗೆ ಹೋಗುತ್ತದೆ. ಆ ಬಾಗಿಲಲ್ಲಿ ಯಾವಾಗಲೂ ಮರಳು. ಹಾಗಾಗಿ ಸ್ಟೀಮರು ಹೊರಗೆ ಲಂಗರು ಹಾಕಿ ನಿಲ್ಲಬೇಕು, ಸಾಮಾನೂ ಜನರೂ ದೋಣಿಯಲ್ಲಿ ಹೋಗಿ ಹತ್ತಬೇಕು. ನನ್ನ ಅಜ್ಜ ಹಾಗೆಯೇ ಮುಂಬೈಗೆ ಹೋದವರು, ಹೋಟೆಲ್ ಕೆಲಸಕ್ಕೆ. ಅಲೆಗೆ ಏಳುವ ದೋಣಿಯಿಂದ ಹಡಗಿನ ಏಣಿಗೆ ಕೈ ಹಾಕುವಾಗ ಚಪ್ಪಲಿ ನೀರಿಗೆ ಬಿತ್ತಂತೆ. "ಮುಂಬೈಯಲ್ಲಿ ಬರಿಗಾಲಲ್ಲಿ ಇಳಿದೆ" ಎಂದು ಸಾಯುವವರೆಗೆ ಹೇಳುತ್ತಿದ್ದರು. ಎಷ್ಟು ಸಲ ಅಂದರೆ, ಕೊನೆಗೆ ನಾವು ಮಕ್ಕಳೇ ಮೊದಲು ಹೇಳಿಬಿಡುತ್ತಿದ್ದೆವು.

ಈ ಧಕ್ಕೆಗೆ ಪತ್ರ ಬರುವುದೂ ಹೊಸದಲ್ಲ. 12ನೇ ಶತಮಾನದಲ್ಲಿ ಇಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಇದ್ದ. ಟ್ಯುನೀಷಿಯಾ ಕಡೆಯವನು. ಸುಮಾರು ಹದಿನೇಳು ವರ್ಷ ಈ ಕಡೆಯೇ ಉಳಿದು, ಇಲ್ಲಿನ ಹೆಂಗಸನ್ನು ಮದುವೆಯಾಗಿ, ಕಂಚಿನ ಪಾತ್ರೆ ಮಾಡಿಸುವ ಕಾರ್ಖಾನೆ ನಡೆಸಿದ. ಏಡನ್ನಿನ ಪಾಲುದಾರರು ಅವನಿಗೆ ಬರೆದ ಕಾಗದಗಳು ಕೈರೋದ ಒಂದು ಹಳೆ ಯಹೂದಿ ಮಂದಿರದಲ್ಲಿ ಸಿಕ್ಕಿವೆ. ಇಲ್ಲಿಂದ ಮೆಣಸು, ಅಡಿಕೆ, ಕಬ್ಬಿಣ ಹೋಗುತ್ತಿತ್ತು. ಅಲ್ಲಿಂದ ಒಣದ್ರಾಕ್ಷಿ, ಸಕ್ಕರೆ, ಬರೆಯಲು ಕಾಗದ ಬರುತ್ತಿತ್ತು. ಅವನ ಪರವಾಗಿ ಏಡನ್ನಿಗೆ ಹೋಗಿ ವ್ಯವಹಾರ ಮಾಡಿ ಬರುತ್ತಿದ್ದ ಆಳಿನ ಹೆಸರು ಬೊಮ್ಮ. ನಮ್ಮ ಬೊಮ್ಮ! ಅವನು ಅಲ್ಲಿ ಕುಡಿದು ಗಲಾಟೆ ಮಾಡಿದ ಎಂಬ ದೂರೂ ಆ ಕಾಗದಗಳಲ್ಲಿ ಉಂಟು. ಇನ್ನೂರು ವರ್ಷ ಬಿಟ್ಟು ಬಂದ ಇಬ್ನ್ ಬತೂತನೂ ಈ ಊರಿನಲ್ಲಿ ಪರ್ಷಿಯ, ಯೆಮನ್ನಿನ ವ್ಯಾಪಾರಿಗಳನ್ನು ಕಂಡಿದ್ದಾನೆ. ಇಷ್ಟೆಲ್ಲ ನಡೆದ ಜಾಗದಲ್ಲಿ ಇವತ್ತು ನಿಂತು ನೋಡಲು ಒಂದು ಬೋರ್ಡ್ ಬೇಡ, ಕೂರಲು ಒಂದು ಕಟ್ಟೆಯಾದರೂ ಬೇಡವೇ?

ಇನ್ನು ಹಂಚು. ಅದನ್ನು ಬಿಟ್ಟು ಮಂಗಳೂರಿನ ಹೊಳೆಯ ಕಥೆ ಹೇಳಲು ಬರುವುದಿಲ್ಲ. 1865ರಲ್ಲಿ ಬಾಸೆಲ್ ಮಿಷನ್ನಿನವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಆಮೇಲೆ ಹೊಯ್ಗೆ ಬಜಾರಿನ ಕಡೆಯೆಲ್ಲ ಒಂದರ ಬದಿಯಲ್ಲಿ ಒಂದು ಚಿಮಣಿ ಎದ್ದಿತು. ಅವು ಹೊಳೆಯ ಬದಿಗೇ ಯಾಕೆ ಬಂದವು? ಆವೆ ಮಣ್ಣು ದೋಣಿಯಲ್ಲಿ ಬರುತ್ತಿತ್ತು, ಸೌದೆ ದೋಣಿಯಲ್ಲಿ ಬರುತ್ತಿತ್ತು, ಸುಟ್ಟ ಹಂಚು ದೋಣಿಯಲ್ಲೇ ಹಡಗಿಗೆ ಹೋಗುತ್ತಿತ್ತು. ಸಿಲೋನ್, ಪೂರ್ವ ಆಫ್ರಿಕಾ, ಆಸ್ಟ್ರೇಲಿಯಾದ ಮನೆಗಳ ಮೇಲೂ ಮಂಗಳೂರು ಹಂಚು ಕೂತಿದೆ. ಕಾಂಕ್ರೀಟಿನ ತಾರಸಿ ಬಂದ ಮೇಲೆ ಒಂದೊಂದೇ ಚಿಮಣಿ ತಣ್ಣಗಾಯಿತು. ನಮ್ಮ ಹಳೆ ಮನೆ ಕೆಡವಿದಾಗ ಹಂಚುಗಳನ್ನು ಲಾರಿಯವನು ರಾಶಿ ಲೆಕ್ಕದಲ್ಲಿ ಒಯ್ದ. ನಾನು ಒಂದನ್ನು ಇಟ್ಟುಕೊಂಡೆ. ಈಗ ಅದರ ಮೇಲೆ ಹೆಂಡತಿ ತುಳಸಿ ಚಟ್ಟಿ ಇಟ್ಟಿದ್ದಾಳೆ. ಮಳೆಯ ಮೊದಲ ಹನಿ ಬಿದ್ದರೆ ಅದು ಈಗಲೂ ವಾಸನೆ ಬಿಡುತ್ತದೆ.

1975ರ ಜನವರಿ 11ರಂದು ಇಂದಿರಾ ಗಾಂಧಿ ಪಣಂಬೂರಿನಲ್ಲಿ ನವಮಂಗಳೂರು ಬಂದರನ್ನು ಉದ್ಘಾಟಿಸಿದರು. ನನಗೆ ಆಗ ಎಂಟು ವರ್ಷ. ಧಣಿಗಳು ಅಂಗಡಿಯವರಿಗೆಲ್ಲ ಲಾಡು ಹಂಚಿದರು. ಅಪ್ಪ ತಿನ್ನದೆ ಮನೆಗೆ ತಂದು ನಮಗೆ ಕೊಟ್ಟು, "ಇದು ನಮ್ಮ ಬಂದರಿನ ಲಾಡಲ್ಲ, ಆ ಬಂದರಿನದ್ದು" ಎಂದರು. ಆಗ ಅರ್ಥ ಆಗಲಿಲ್ಲ.

ಪಣಂಬೂರು ಬೇಡವಾಗಿತ್ತು ಅಂತ ನಾನು ಹೇಳುತ್ತಿಲ್ಲ. ಮರಳು ತುಂಬುವ ಅಳಿವೆಯನ್ನು ನಂಬಿ ದೊಡ್ಡ ಹಡಗು ಬರುವುದಿಲ್ಲ. ಕುದುರೆಮುಖದ ಅದಿರು, ಕಚ್ಚಾತೈಲ ಇವನ್ನೆಲ್ಲ ಮಂಜಿಯಲ್ಲಿ ಸಾಗಿಸಲು ಆಗುತ್ತಿತ್ತೇ? ಸಾವಿರಾರು ಜನ ಅಲ್ಲಿ ಅನ್ನ ಕಂಡಿದ್ದಾರೆ, ನನ್ನ ತಮ್ಮನೂ ಅವರಲ್ಲೊಬ್ಬ. ನನ್ನ ತಕರಾರು ಬೇರೆ. ದೊಡ್ಡ ಹಡಗು ಅಲ್ಲಿಗೆ ಹೋದ ಮೇಲೆ ಇಲ್ಲಿನ ದಂಡೆಗೆ ಏನು ಕೆಲಸ ಅಂತ ಯಾರೂ ಯೋಚಿಸಲಿಲ್ಲ. ಹೊಳೆಗೆ ಊರು ಬೆನ್ನು ತಿರುಗಿಸಿತು. ಗೋಡೆ ಎದ್ದಿತು, ಗೇಟು ಬಂತು, ಗುಜರಿ ರಾಶಿ ಬಿತ್ತು, ಚರಂಡಿಯ ಬಾಯಿ ಹೊಳೆಯ ಕಡೆ ತಿರುಗಿತು.

ಆಮೇಲೆ ಕಳೆಗುಂದುವ ಸರದಿ ಹಂಪನಕಟ್ಟೆಯದ್ದು. ಜನ ಇದನ್ನು ಮಾಲ್‌ಗಳ ತಲೆಗೆ ಕಟ್ಟುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಹಂಪನಕಟ್ಟೆ ಮತ್ತು ಬಂದರು ಎರಡು ಜಾಗ ಆಗಿರಲೇ ಇಲ್ಲ, ಒಂದೇ ದಾರಿಯ ಎರಡು ತುದಿ. ಧಕ್ಕೆಯಲ್ಲಿ ದುಡಿದ ದುಡ್ಡು ಸಂಜೆ ಆ ಇಳಿಜಾರನ್ನು ಹತ್ತಿ ಹಂಪನಕಟ್ಟೆಗೆ ಬರುತ್ತಿತ್ತು. ಸೆಂಟ್ರಲ್ ಮಾರುಕಟ್ಟೆಯಲ್ಲಿ ತರಕಾರಿ, ಹೋಟೆಲಿನಲ್ಲಿ ಗೋಳಿಬಜೆ ಮತ್ತು ಚಾ, ವಾರಕ್ಕೊಮ್ಮೆ ಟಾಕೀಸು, ನೆಹರೂ ಮೈದಾನಿನಲ್ಲಿ ಸುಮ್ನೆ ಕೂತು ಫುಟ್‌ಬಾಲ್ ನೋಡುವುದು. ಅಪ್ಪನ ದಿನ ಹೀಗೇ ಮುಗಿಯುತ್ತಿತ್ತು. ಆ ದಾರಿಯಲ್ಲಿ ನಡೆಯುವುದು ಕಷ್ಟವಾದ ಮೇಲೆ ಎರಡೂ ತುದಿ ಒಣಗಿದವು. ಇವತ್ತು ಅದೇ ದಾರಿ ನಡೆದು ನೋಡಿ. ಫುಟ್‌ಪಾತ್ ಒಂದು ಅಂಗಡಿಯ ಮುಂದೆ ಇದ್ದರೆ ಮುಂದಿನದರಲ್ಲಿ ಇಲ್ಲ. ಇದ್ದಲ್ಲಿ ಬೈಕು. ಬೈಕಿಲ್ಲದಲ್ಲಿ ಚಪ್ಪಡಿ ಎದ್ದಿರುತ್ತದೆ.

ಗಡಿಯಾರ ಗೋಪುರದ ಕಥೆಯನ್ನೇ ನೋಡಿ. 1968ರಲ್ಲಿ ಕಟ್ಟಿದ್ದು. 90ರ ದಶಕದಲ್ಲಿ ರಸ್ತೆಗೆ ಅಡ್ಡ ಅಂತ ಕೆಡವಿದರು. ಈಚೆಗೆ ಅದೇ ಜಾಗದಲ್ಲಿ ಹೊಸದು ಕಟ್ಟಿದರು. ಅಷ್ಟರೊಳಗೆ ಎಲ್ಲರ ಕಿಸೆಗೂ ಗಡಿಯಾರ ಬಂದಾಗಿತ್ತು! ಮಾರುಕಟ್ಟೆಯ ಹಳೆ ಕಟ್ಟಡವೂ ಈಗಿಲ್ಲ. ಕೊರೊನಾ ಸಮಯದಲ್ಲಿ, 2020ರಲ್ಲಿ, ವ್ಯಾಪಾರಿಗಳನ್ನು ಬೈಕಂಪಾಡಿಗೆ ಕಳಿಸಿದ್ದು ಎಲ್ಲರಿಗೂ ನೆನಪಿರಬಹುದು. ಬದಲಿಗೆ ಹೊಸ ಕಟ್ಟಡ ಬರಲಿ, ಬೇಡ ಅನ್ನುವುದಿಲ್ಲ. ಆದರೆ ಬಸಳೆ ಕಟ್ಟು ಮಾರುವ ಅಜ್ಜಿಗೆ ಲಿಫ್ಟಿನಲ್ಲಿ ಮೂರನೇ ಮಹಡಿಗೆ ಹೋಗಿ ಎನ್ನಬೇಡಿ.

ನಮ್ಮೂರಿನಲ್ಲಿ ವಸ್ತು ಹೋದರೂ ಅದರ ಹೆಸರು ಹೋಗುವುದಿಲ್ಲ. ಜ್ಯೋತಿ ಟಾಕೀಸು ಮುಚ್ಚಿತು, ಬಸ್ಸಿನವರಿಗೆ ಅದು ಈಗಲೂ ಜ್ಯೋತಿಯೇ. ಕೂಳೂರು ಫೆರಿ ರಸ್ತೆಯಲ್ಲಿ ಕೊನೆತನಕ ಹೋದರೂ ಫೆರಿ ಸಿಗುವುದಿಲ್ಲ, ಸೇತುವೆ ಸಿಗುತ್ತದೆ. ಹೆಸರು ಉಳಿಸಿಕೊಳ್ಳುವುದರಲ್ಲಿ ನಾವು ಬಹಳ ಜಾಣರು. ಹಾಗಾಗಿ "ಪಾರಂಪರಿಕ ನಡಿಗೆ" ಎಂಬ ಹೆಸರಿನ ಕಲ್ಲು ನೆಟ್ಟು ಮುಗಿಸಿಬಿಡುತ್ತೀರಿ ಎಂಬ ಹೆದರಿಕೆ ನನಗಿದೆ.

ಈ ಪತ್ರದ ಮೊದಲ ಪ್ರತಿಯನ್ನು ತಂಗಿಗೆ ಓದಿ ಹೇಳಿದೆ. ಪೂರ್ತಿ ಕೇಳಿ ಅವಳು, "ನಿನಗೆ ಬಂದರು ಚಂದ ಅಣ್ಣ. ನನ್ನನ್ನು ಅಲ್ಲಿಗೆ ಯಾರು ಬಿಟ್ಟಿದ್ದರು?" ಎಂದಳು. ನಾನು ಸುಮ್ಮನಾದೆ. ನಿಜ, ಬುತ್ತಿ ಕೊಡಲು ಅವಳನ್ನು ಒಂದು ದಿನವೂ ಕಳಿಸಿರಲಿಲ್ಲ. ಅವಳು ಕಂಡ ಧಕ್ಕೆ ಅಂದರೆ ಅಪ್ಪನ ಅಂಗಿಯ ಒಣಮೀನಿನ ವಾಸನೆ, ಅದನ್ನು ಒಗೆಯುವ ಅಮ್ಮನ ಗೊಣಗಾಟ. ಅಲ್ಲಿ ಇದ್ದ ಹೆಂಗಸರು ಮೀನಿನ ಬುಟ್ಟಿಯವರು ಮಾತ್ರ. ಅವರಿಗೆ ನೆರಳಿರಲಿಲ್ಲ, ಪಾಯಿಖಾನೆಯೂ ಇರಲಿಲ್ಲ. ಕ್ವಿಂಟಾಲ್ ತೂಕದ ಗೋಣಿ ಹೊತ್ತು ಹೊತ್ತು ನಲವತ್ತಕ್ಕೇ ಕುತ್ತಿಗೆ ಬಗ್ಗಿದ ಹಮಾಲಿಗಳನ್ನೂ ನಾನು ನೋಡಿದ್ದೇನೆ. ಆ ದಿನಗಳು ಹಾಗೇ ವಾಪಸ್ ಬರಲಿ ಎಂದು ಕೇಳಿದರೆ ನನ್ನಂಥ ಮೂರ್ಖ ಇಲ್ಲ. ತಂಗಿ ಹೇಳಿದ್ದು ಇಷ್ಟೇ: "ದೀಪ ಹಾಕಿಸಿ, ಹೆಂಗಸರಿಗೆ ಪಾಯಿಖಾನೆ ಕಟ್ಟಿಸಿ ಅಂತ ಬರಿ. ಉಳಿದದ್ದು ಆಮೇಲೆ." ಬರೆದಿದ್ದೇನೆ. ಇದನ್ನು ನನ್ನ ಮೊದಲ ಬೇಡಿಕೆ ಅಂತಲೇ ತಿಳಿದುಕೊಳ್ಳಿ.

ಬಂದರು ಸತ್ತಿದೆ ಎನ್ನುವವರಿಗೆ ಒಂದು ಮಾತು. ಸತ್ತಿಲ್ಲ. ಸೆಪ್ಟೆಂಬರ್ ಕಳೆದ ಮೇಲೆ ಒಮ್ಮೆ ಹೋಗಿ. ಲಕ್ಷದ್ವೀಪಕ್ಕೆ ಹೋಗುವ ಮಂಜಿಗಳು ನಿಂತಿರುತ್ತವೆ. ಸಿಮೆಂಟು, ಜಲ್ಲಿ, ಅಕ್ಕಿ, ತರಕಾರಿ ತುಂಬುತ್ತಿರುತ್ತಾರೆ. ಆ ದ್ವೀಪಗಳಲ್ಲಿ ಎಷ್ಟೋ ಮನೆಗಳ ಗೋಡೆ ನಮ್ಮ ಧಕ್ಕೆಯಿಂದ ಹೋದದ್ದು. ಮಳೆಗಾಲದಲ್ಲಿ ಎಲ್ಲ ನಿಲ್ಲುತ್ತದೆ. ನೂಲ ಹುಣ್ಣಿಮೆಗೆ ಮೊಗವೀರರು ಸಮುದ್ರಕ್ಕೆ ಹಾಲೆರೆದು, ತೆಂಗಿನಕಾಯಿ ಬಿಟ್ಟು ಪೂಜೆ ಮಾಡುತ್ತಾರೆ. ಆಮೇಲೆ ಮೀನಿನ ಧಕ್ಕೆಯಲ್ಲಿ ಬೆಳಗಿನ ಜಾವಕ್ಕೆ ಕಾಲಿಡಲು ಜಾಗ ಇರುವುದಿಲ್ಲ. ಬಂಗುಡೆ, ಬೂತಾಯಿ ರಾಶಿ ಬೀಳುತ್ತದೆ. ಇಷ್ಟು ಕೆಲಸ ನಡೆಯುವ ಜಾಗವನ್ನು ಯಾರಾದರೂ ಖಾಲಿ ಜಾಗ ಅಂತ ನಕ್ಷೆಯಲ್ಲಿ ಬಿಳಿ ಬಿಡುತ್ತಾರಾ?

ಮತ್ತೆ ಬೆಂಗ್ರೆಯ ದೋಣಿ. ನನ್ನ ಪ್ರಕಾರ ಇಡೀ ದಂಡೆಯ ಜೀವ ಇರುವುದು ಅದರಲ್ಲಿ. ಎದುರು ದಡದ ಬೆಂಗ್ರೆಯ ಜನ ದಿನಾ ಆ ದೋಣಿ ಹತ್ತಿ ಊರಿಗೆ ಬರುತ್ತಾರೆ. ಶಾಲೆಯ ಮಕ್ಕಳು, ಮೀನು ಮಾರುವವರು, ಆಸ್ಪತ್ರೆಗೆ ಬರುವ ಗರ್ಭಿಣಿಯರು. ರಸ್ತೆಯಲ್ಲಿ ಬರಬೇಕಾದರೆ ಕೂಳೂರು ಸೇತುವೆಗಾಗಿ ಸುತ್ತು ಬಳಸಬೇಕು. ದೋಣಿಯಲ್ಲಿ ಕೆಲವೇ ನಿಮಿಷ. ಬೇರೆ ಊರಿನವರು ಇಂಥದ್ದಕ್ಕೆ ವಾಟರ್ ಮೆಟ್ರೋ ಎಂದು ಹೆಸರಿಟ್ಟು ಕೋಟಿಗಟ್ಟಲೆ ಸುರಿಯುತ್ತಾರೆ. ಕೊಚ್ಚಿಯಲ್ಲಿ 2023ರಿಂದ ಓಡುತ್ತಿದೆ. ನಮಗೆ ಅಷ್ಟು ಬೇಡ ಮಾರಾಯ್ರೆ. ಇರುವ ದೋಣಿ ಕಟ್ಟೆಗೆ ಮಳೆಯಲ್ಲಿ ಸೋರದ ಮಾಡು, ಜಾರದ ಮೆಟ್ಟಿಲು, ಗಾಲಿಕುರ್ಚಿ ಇಳಿಯುವಷ್ಟು ಇಳಿಜಾರು, ಬಸ್ಸಿನ ಸಮಯದ ಹಾಗೆ ದೋಣಿಯ ಸಮಯದ ಬೋರ್ಡ್. ಇಷ್ಟು ಸಾಕು.

ಹೊಳೆಯ ದಂಡೆಯಲ್ಲಿ ಎಲ್ಲ ಕಡೆ ಕಲ್ಲು ಹಾಸಬೇಡಿ. ನೂರು ಹೆಜ್ಜೆಯಷ್ಟು ಜಾಗ ಗೇಟು, ಟಿಕೆಟು ಇಲ್ಲದೆ ತೆರೆದಿಟ್ಟರೆ ಸಾಕು. ಅಲ್ಲಿ ಒಂದು ಉದ್ದ ಕಟ್ಟೆ, ಎರಡು ಗೋಳಿಮರ. ಕಟ್ಟೆಯ ಎದುರಿಗೇ ಮಂಜಿಗೆ ಸಾಮಾನು ತುಂಬಲಿ. ಧೂಳು ಬರುತ್ತದೆ, ಬರಲಿ. ಮಕ್ಕಳು ಕೂತು ಹಡಗು ನೋಡಲಿ. ಹಮಾಲಿಗಳನ್ನೂ ಮಂಜಿಗಳನ್ನೂ ಎಬ್ಬಿಸಿ ಅಲ್ಲಿ ಪ್ಲಾಸ್ಟಿಕ್ ಹುಲ್ಲು, ದೊಡ್ಡ ಇಂಗ್ಲಿಷ್ ಅಕ್ಷರಗಳ ಸೆಲ್ಫಿ ಬೋರ್ಡ್ ಇಟ್ಟರೆ ಆರು ತಿಂಗಳು ಜನ ಬರುತ್ತಾರೆ. ಆಮೇಲೆ ಅಕ್ಷರದ ಬಣ್ಣ ಹೋಗುತ್ತದೆ, ಜನರೂ ಹೋಗುತ್ತಾರೆ. ಬಂದರಿನ ಹಂಚಿನ ಮಾಡಿನ ಗೋದಾಮುಗಳಲ್ಲಿ ಗಟ್ಟಿ ಇರುವವನ್ನು ಕೆಡವಬೇಡಿ. ಹಂಚು ಬದಲಾಯಿಸಲು ಗೊತ್ತಿರುವ ಕೆಲಸಗಾರರು ಇನ್ನೂ ಕೆಲವರು ಇದ್ದಾರೆ. ಅವರಿಗೂ ವಯಸ್ಸಾಗುತ್ತಿದೆ.

ಇನ್ನೊಂದು, ಇದಕ್ಕೆ ಖರ್ಚೇ ಇಲ್ಲ. ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಒಂದು ಬಾಣದ ಗುರುತು ಹಾಕಿಸಿ: "ಹೊಳೆಗೆ ದಾರಿ, ನಡೆದರೆ 10 ನಿಮಿಷ". ಆ ಹತ್ತು ನಿಮಿಷದ ದಾರಿಯಲ್ಲಿ ಫುಟ್‌ಪಾತ್ ತುಂಡಾಗದ ಹಾಗೆ ನೋಡಿಕೊಳ್ಳಿ. ಅಷ್ಟಾದರೆ ಹಂಪನಕಟ್ಟೆಗೂ ಬಂದರಿಗೂ ಮತ್ತೆ ಮಾತುಕತೆ ಶುರುವಾಗುತ್ತದೆ ಎಂದು ನನ್ನ ನಂಬಿಕೆ. ವ್ಯಾಪಾರದವರು ಉಳಿದದ್ದನ್ನು ಅವರೇ ಮಾಡಿಕೊಳ್ಳುತ್ತಾರೆ. ಅವರಿಗೆ ಒಂಬೈನೂರು ವರ್ಷದ ಅಭ್ಯಾಸ ಉಂಟು.

ಆ ಬಾಣ ಹಾಕಿಸುವ ಮೊದಲು ನೀವೇ ಒಮ್ಮೆ ನಡೆದು ನೋಡಿದರೆ ಒಳ್ಳೆಯದು. ಇಲಾಖೆಯ ಕಾರು ಬೇಡ, ಜಾಸ್ತಿ ಜನವೂ ಬೇಡ. ಯಾವುದಾದರೂ ದಿನ ಸಂಜೆ ಐದು ಗಂಟೆಗೆ ಸ್ಟೇಟ್ ಬ್ಯಾಂಕಿನಲ್ಲಿ ಬಸ್ಸಿನಿಂದ ಇಳಿಯಿರಿ. ಮೀನು ಮಾರುಕಟ್ಟೆಯ ಬದಿಗಾಗಿ ಬನ್ನಿ, ನಾನು ಅಲ್ಲೇ ಕಾಯುತ್ತೇನೆ. ತಂಗಿಯೂ ಬರುತ್ತೇನೆ ಅಂದಿದ್ದಾಳೆ. ಧಕ್ಕೆ ನೋಡಿಕೊಂಡು ಬೆಂಗ್ರೆಗೆ ದಾಟೋಣ. ದೋಣಿಯವರ ಹತ್ತಿರ ಯಾವಾಗಲೂ ಚಿಲ್ಲರೆ ಇರುವುದಿಲ್ಲ, ಸ್ವಲ್ಪ ತಂದಿರಿ.

ಇಂತಿ,
ಬಂದರಿನ ಹಳೆ ರೈಟರೊಬ್ಬರ ಮಗ